ಹರಕೆ, ದಂಡ, ನಂಬಿಕೆ: ಸಮ್ಮತಿಯ ಅಧೀನತೆಯ ಆಚರಣಾತ್ಮಕ ನೆಲೆಗಳು

1. ಪ್ರವೇಶ

ಒಬ್ಬ ವ್ಯಕ್ತಿ ತಾನಾಗಿಯೇ ಇನ್ನೊಬ್ಬರ ಆಜ್ಞೆಗೆ ಒಳಪಡುವುದು, ತಾನೇ ಒಪ್ಪಿಕೊಂಡ ಕಟ್ಟಳೆಯನ್ನು ಮುರಿದಾಗ ತಾನೇ ಒಪ್ಪಿಕೊಂಡ ದಂಡವನ್ನು ಸ್ವೀಕರಿಸುವುದು ಮನುಷ್ಯ ಸಮಾಜಗಳಿಗೆ ಹೊಸದಲ್ಲ. ಗುರು-ಶಿಷ್ಯ, ಒಡೆಯ-ಆಳು, ದೈವ-ಭಕ್ತ ಎಂಬ ಜೋಡಿಗಳ ಮೂಲಕ ಕನ್ನಡ ಸಂಸ್ಕೃತಿ ಈ ಸಂಬಂಧವನ್ನು ಬಹುಕಾಲದಿಂದ ಅರ್ಥೈಸಿಕೊಂಡು ಬಂದಿದೆ. ವಯಸ್ಕರಿಬ್ಬರು ತಮ್ಮ ಖಾಸಗಿ ಬದುಕಿನಲ್ಲಿ ಪರಸ್ಪರ ಒಪ್ಪಿಗೆಯಿಂದ ಅಧಿಕಾರ ಮತ್ತು ಅಧೀನತೆಯ ಪಾತ್ರಗಳನ್ನು ವಹಿಸಿಕೊಳ್ಳುವ ಸಂಬಂಧಗಳು ಇತ್ತೀಚಿನ ದಶಕಗಳಲ್ಲಿ ಸಮಾಜಶಾಸ್ತ್ರ, ಮನೋವೈದ್ಯ ಮತ್ತು ಕಾನೂನಿನ ಚರ್ಚೆಗೆ ಬಂದಿವೆ. ಕನ್ನಡದಲ್ಲಿ ಈ ವಿಷಯ ಒಂದೋ ಪಿಸುಮಾತಾಗಿದೆ, ಇಲ್ಲವೇ 'ವಿಕೃತಿ' ಎಂಬ ಒಂದೇ ಶಬ್ದದಲ್ಲಿ ಮುಗಿದುಹೋಗುತ್ತದೆ.

ಜಾನಪದ ಅಧ್ಯಯನಕ್ಕೆ ಇಲ್ಲಿ ಒಂದು ಕೆಲಸವಿದೆ. ಇಂತಹ ಸಂಬಂಧಗಳನ್ನು ನಿಲ್ಲಿಸುವ ಮೂಲದ್ರವ್ಯ ನಂಬಿಕೆ; ಆ ನಂಬಿಕೆಯನ್ನು ಕಟ್ಟುವ ಸಾಧನ ಆಚರಣೆ. ಆಚರಣೆಯು ನಂಬಿಕೆಯನ್ನು ಹೇಗೆ ಕಟ್ಟುತ್ತದೆ ಎಂಬುದು ಜಾನಪದ ವಿದ್ವಾಂಸರು ಬಲ್ಲ ವಿಷಯ. ಕರ್ನಾಟಕದ ಕೆಲವು ಸಾಮುದಾಯಿಕ ಆಚರಣೆಗಳನ್ನೂ ಶಾಸನೋಕ್ತ ಸಂಪ್ರದಾಯವೊಂದನ್ನೂ ಮುಂದಿಟ್ಟುಕೊಂಡು ಸಮ್ಮತಿಯ ಅಧೀನತೆಯ ಲಕ್ಷಣಗಳನ್ನು ಗುರುತಿಸುವುದು, ಆ ಬೆಳಕಿನಲ್ಲಿ ಆಧುನಿಕ ಖಾಸಗಿ ಸಂಬಂಧಗಳನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಧಾರ್ಮಿಕ ಆಚರಣೆಯೂ ಖಾಸಗಿ ದಾಂಪತ್ಯದ ಒಪ್ಪಂದವೂ ಒಂದೇ ಎಂದು ಸಾಧಿಸುವುದು ಇಲ್ಲಿನ ಆಶಯವಲ್ಲ. ಎರಡರ ಉದ್ದೇಶ, ಭಾವ, ಪಾವಿತ್ರ್ಯದ ಕಲ್ಪನೆಗಳು ಬೇರೆ ಬೇರೆ. ಹೋಲಿಕೆಯಿರುವುದು ರಚನೆಯಲ್ಲಿ ಮಾತ್ರ.

2. ಹರಕೆ ಮತ್ತು ಜೀತ

ಕನ್ನಡದ ಎರಡು ಶಬ್ದಗಳಿಂದ ಚರ್ಚೆಯನ್ನು ಆರಂಭಿಸಬಹುದು. 'ಹರಕೆ'ಯನ್ನು ಹೊರುತ್ತಾರೆ, ತೀರಿಸುತ್ತಾರೆ. 'ಜೀತ'ಕ್ಕೆ ಬೀಳುತ್ತಾರೆ ಅಥವಾ ಇಡುತ್ತಾರೆ. ಎರಡರಲ್ಲಿಯೂ ವ್ಯಕ್ತಿ 'ನಾನು ನಿನ್ನ ಆಳು' ಎಂದೇ ಹೇಳುತ್ತಾನೆ. ಎರಡರಲ್ಲಿಯೂ ಮೈದಂಡನೆ ಇರಬಹುದು. ಆದರೆ ಹರಕೆಗೆ ಹೊತ್ತವನೇ ಕರ್ತೃ. ಅದಕ್ಕೆ ಆರಂಭವಿದೆ, ಅವಧಿಯಿದೆ, ತೀರಿದ ಮೇಲೆ ಬಿಡುಗಡೆಯಿದೆ. ಜೀತಕ್ಕೆ ಬಿದ್ದವನು ಕರ್ತೃವಲ್ಲ. ಸಾಲ ಅವನನ್ನು ಅಲ್ಲಿಗೆ ತಂದಿರುತ್ತದೆ, ಅವಧಿ ಒಡೆಯನ ಕೈಯಲ್ಲಿರುತ್ತದೆ, ಮಗನ ಕಾಲಕ್ಕೂ ಅದು ಮುಗಿಯದಿರಬಹುದು. 1976ರ ಜೀತ ಪದ್ಧತಿ ರದ್ದತಿ ಅಧಿನಿಯಮವು ನಿಷೇಧಿಸಿದ್ದು ದುಡಿಮೆಯನ್ನಲ್ಲ, ಬಿಟ್ಟುಹೋಗಲಾರದ ಸ್ಥಿತಿಯನ್ನು. ಹೊರಗಿನಿಂದ ನೋಡುವವರಿಗೆ ಬಾಗಿದ ತಲೆ ಎರಡು ಕಡೆಯೂ ಒಂದೇ ರೀತಿ ಕಾಣುತ್ತದೆ. ಭೇದವಿರುವುದು ಬಾಗುವ ಕ್ರಿಯೆಯಲ್ಲಿ ಅಲ್ಲ, ಎದ್ದು ನಿಲ್ಲುವ ಅಧಿಕಾರ ಯಾರದು ಎಂಬುದರಲ್ಲಿ.

ಹರಕೆಯ ಅವಧಿಯನ್ನು ಗುರುತಿಸುವ ಸಾಮಾನ್ಯ ಕುರುಹು ಕಂಕಣ. ಕಂಕಣ ಕಟ್ಟಿದ ಕ್ಷಣದಿಂದ ವ್ಯಕ್ತಿಯ ಊಟ, ನಿದ್ರೆ, ಮಾತು, ಸಂಸಾರ ಎಲ್ಲವೂ ಕಟ್ಟಳೆಗೆ ಒಳಪಡುತ್ತವೆ. ಕಂಕಣ ಬಿಚ್ಚಿದ ಕ್ಷಣದಲ್ಲಿ ಅವನು ಮೊದಲಿನ ಮನುಷ್ಯನಾಗುತ್ತಾನೆ. ಅರ್ನಾಲ್ಡ್ ವಾನ್ ಗೆನೆಪ್ 1909ರಲ್ಲಿ ಸಂಕ್ರಮಣ ವಿಧಿಗಳಲ್ಲಿ ಗುರುತಿಸಿದ ಬೇರ್ಪಡುವಿಕೆ, ನಡುಹಂತ, ಮರಳಿ ಸೇರುವಿಕೆ ಎಂಬ ಮೂರು ಘಟ್ಟಗಳು ಇಲ್ಲಿ ನಿಚ್ಚಳವಾಗಿವೆ. ವಿಕ್ಟರ್ ಟರ್ನರ್ 1969ರ ತಮ್ಮ ಗ್ರಂಥದಲ್ಲಿ ನಡುಹಂತದ ವ್ಯಕ್ತಿಯು ಅಂತಸ್ತನ್ನು ಕಳಚಿಟ್ಟು ಅವಮಾನವನ್ನೂ ವಿಧೇಯತೆಯನ್ನೂ ಸ್ವೀಕರಿಸುವುದನ್ನು ವಿವರಿಸಿದ್ದಾರೆ. ಆ ವಿಧೇಯತೆ ಸಹ್ಯವಾಗುವುದು ಅದು ನಡುಹಂತಕ್ಕೆ ಮಾತ್ರ ಸೀಮಿತ ಎಂಬ ಖಚಿತತೆಯಿಂದ.

3. ಕರಗ ಮತ್ತು ವೀರಕುಮಾರರು

ಬೆಂಗಳೂರಿನ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದ ಕರಗ ಚೈತ್ರ ಮಾಸದಲ್ಲಿ ನಡೆಯುವ ಉತ್ಸವ. ಹುಣ್ಣಿಮೆಯ ರಾತ್ರಿ ಹೂವಿನ ಕರಗ ಪೇಟೆಗಳಲ್ಲಿ ಸಂಚರಿಸುತ್ತದೆ. ತಿಗಳ ಸಮುದಾಯದ ನಂಬಿಕೆಯಂತೆ ಆದಿಶಕ್ತಿಯಾದ ದ್ರೌಪದಿ ತಿಮಿರಾಸುರನೆಂಬ ರಕ್ಕಸನನ್ನು ಎದುರಿಸಲು ವೀರಕುಮಾರರನ್ನು ಸೃಷ್ಟಿಸಿದಳು. ತಮ್ಮನ್ನು ಬಿಟ್ಟುಹೋಗಬಾರದೆಂದು ಅವರು ಬೇಡಿದಾಗ ವರ್ಷಕ್ಕೊಮ್ಮೆ ಬರುವುದಾಗಿ ಮಾತುಕೊಟ್ಟಳು. ಆಕೆಯ ಶಕ್ತಿಯನ್ನು ತಲೆಯ ಮೇಲೆ ಹೊರುವವನು ಸಮುದಾಯದ ಅರ್ಚಕ. ಸ್ಮೃತಿ ಶ್ರೀನಿವಾಸ್ ಅವರು 2001ರಲ್ಲಿ ಪ್ರಕಟಿಸಿದ ಅಧ್ಯಯನವು ಕರಗವನ್ನು ನಗರದ ನೆನಪಿನ ಆಚರಣೆಯಾಗಿ ನೋಡಿದೆ. ಪ್ರಸ್ತುತ ಚರ್ಚೆಗೆ ಬೇಕಾದದ್ದು ಅದರೊಳಗಿನ ಶಿಸ್ತಿನ ಒಪ್ಪಂದ.

ಕರಗ ಹೊರುವವನು ಬ್ರಹ್ಮಚರ್ಯ, ಉಪವಾಸ, ವ್ಯಾಯಾಮಗಳ ಕಟ್ಟಳೆಗೆ ಒಳಪಟ್ಟು ಮನೆಯಿಂದ ದೂರ ಉಳಿಯುತ್ತಾನೆ. ಸೀರೆಯುಟ್ಟು ಬಳೆ ತೊಟ್ಟು ಸ್ತ್ರೀರೂಪ ಧರಿಸುತ್ತಾನೆ. ಮಲ್ಲಿಗೆಯಿಂದ ಮುಚ್ಚಿದ ಕರಗವನ್ನು ಕೈಯಿಂದ ಹಿಡಿಯುವಂತಿಲ್ಲ. ಬಿಚ್ಚುಗತ್ತಿಯ ವೀರಕುಮಾರರು ಗೋವಿಂದ ನಾಮ ಘೋಷದೊಡನೆ ಅವನನ್ನು ಸುತ್ತುವರಿದು ಓಡುತ್ತಾರೆ. ಕರಗ ಹೊತ್ತವನು ಎಡವಿದರೆ, ಕರಗ ಜಾರಿದರೆ, ಕಾಯುವ ಅದೇ ಕತ್ತಿಗಳಿಗೆ ಅವನು ಗುರಿಯಾಗಬೇಕೆಂಬುದು ಪರಂಪರೆಯ ಮಾತು. ರಕ್ಷಕನೂ ದಂಡಕನೂ ಒಬ್ಬನೇ ಆಗಿರುವ ಈ ವ್ಯವಸ್ಥೆ ವಿಶೇಷ ಗಮನಕ್ಕೆ ಅರ್ಹವಾಗಿದೆ. ಕತ್ತಿ ಹಿಡಿದವರು ತನ್ನ ತಪ್ಪಿಗಾಗಿ ಕಾದು ನಿಂತವರಲ್ಲ, ತಾನು ತಪ್ಪದಿರಲೆಂದು ದಾರಿ ಬಿಡಿಸುವವರು ಎಂಬ ಅರಿವಿದ್ದರೆ ಮಾತ್ರ ಹೊರುವವನು ಹೆಜ್ಜೆಯಿಡಬಲ್ಲ.

ಈ ಶಿಸ್ತು ಒಮ್ಮುಖವಲ್ಲ. ಅಲಗು ಸೇವೆಯಲ್ಲಿ ವೀರಕುಮಾರರು ತಮ್ಮ ಎದೆಗೇ ಕತ್ತಿಯನ್ನು ತಾಗಿಸಿಕೊಳ್ಳುತ್ತಾರೆ. ದಂಡಿಸುವ ಅಧಿಕಾರ ಪಡೆಯುವವನು ಆಯುಧದ ಅಂಚನ್ನು ಮೊದಲು ತನ್ನ ಮೈಯಲ್ಲಿ ಅರಿತಿರಬೇಕೆಂಬ ತತ್ತ್ವ ಇದರಲ್ಲಿ ಅಡಗಿದೆ. ವೀರಕುಮಾರನೂ ದೀಕ್ಷೆಯ ಕಟ್ಟಳೆಗೆ ಒಳಗಾದವನು. ಗಣಾಚಾರಿ, ಗಂಟೆಪೂಜಾರಿ ಮೊದಲಾದ ಅಧಿಕಾರಿಗಳು ಅವನ ಮೇಲಿದ್ದಾರೆ. ಅಂದರೆ ದಂಡದ ಅಧಿಕಾರವು ಯಾರ ಸ್ವಂತ ಆಸ್ತಿಯೂ ಅಲ್ಲ; ಆಚರಣೆಯ ಅವಧಿಗೆ ನೀಡಿದ ಎರವಲು.

ಇದೇ ಆಚರಣೆಯಲ್ಲಿ ಒಂದು ಮೌನವೂ ಇದೆ. ಕರಗ ಹೊರುವವನ ಹೆಂಡತಿ ತನ್ನ ತಾಳಿಯನ್ನೂ ಬಳೆಯನ್ನೂ ಬಿಟ್ಟುಕೊಟ್ಟು, ಉತ್ಸವ ಮುಗಿಯುವವರೆಗೆ ಕಣ್ಮರೆಯಾಗಿ ಉಳಿಯಬೇಕೆಂಬುದು ಸಂಪ್ರದಾಯ. ಕರಗ ಮುಗಿದ ಬಳಿಕ ಆಕೆಗೆ ತಾಳಿ ಮರಳುತ್ತದೆ. ಗಂಡನ ದೀಕ್ಷೆಗೆ ಸಾಕ್ಷಿಯಾಗಿ ಇಡೀ ನಗರ ನಿಂತರೆ, ಹೆಂಡತಿಯ ದೀಕ್ಷೆಗೆ ಸಾಕ್ಷಿಯಿಲ್ಲ. ಆಕೆಯ ಒಪ್ಪಿಗೆಯನ್ನು ಯಾರು, ಯಾವಾಗ, ಹೇಗೆ ಕೇಳುತ್ತಾರೆ ಎಂಬ ಪ್ರಶ್ನೆ ಕರಗದ ಅಧ್ಯಯನಗಳಲ್ಲಿ ಇನ್ನೂ ಹೆಚ್ಚಿನ ಸ್ಥಳವನ್ನು ಬೇಡುತ್ತದೆ.

4. ಮೈಲಾರ: ಬೀಳುವವನು ಮತ್ತು ಹಿಡಿಯುವವರು

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಸಂದರ್ಭದಲ್ಲಿ ನಡೆಯುವ ಕಾರಣಿಕ ಇನ್ನೊಂದು ನಿದರ್ಶನ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ 'ಸದ್ದಲೇ' ಎಂದು ಕೂಗಿದೊಡನೆ ನೆರೆದ ಜನಸಾಗರ ಸ್ತಬ್ಧವಾಗುತ್ತದೆ. ಒಂದು ಸಾಲಿನ ಕಾರಣಿಕ ನುಡಿದು ಅವನು ಬಿಲ್ಲಿನಿಂದ ಕೆಳಗೆ ಬೀಳುತ್ತಾನೆ. ಕೆಳಗೆ ನಿಂತವರು ಅವನನ್ನು ಹಿಡಿದುಕೊಳ್ಳುತ್ತಾರೆ. ಒಂದು ಶಬ್ದದಿಂದ ಸಾವಿರಾರು ಜನರನ್ನು ಅಧೀನಗೊಳಿಸಿದವನು ಮರುಕ್ಷಣವೇ ತನ್ನ ಮೈಯನ್ನು ಅವರ ಕೈಗೆ ಒಪ್ಪಿಸುತ್ತಾನೆ. ಅಧಿಕಾರವೂ ಶರಣಾಗತಿಯೂ ಇಲ್ಲಿ ಒಂದೇ ವ್ಯಕ್ತಿಯಲ್ಲಿ ಬೆನ್ನು ಬೆನ್ನಿಗೆ ಬರುತ್ತವೆ.

ಗೊರವರ ದೋಣಿಸೇವೆಯಲ್ಲಿ ಈ ಶರಣಾಗತಿ ಇನ್ನೂ ನೇರವಾಗಿದೆ. ಮೈಲಾರಲಿಂಗನ ನಾಯಿಗಳೆಂದು ತಮ್ಮನ್ನು ಭಾವಿಸಿಕೊಂಡು, ಬೊಗಳುತ್ತಾ, ದೋಣಿಯಲ್ಲಿ ಕಲಸಿಟ್ಟ ಹಾಲು-ಬಾಳೆಹಣ್ಣು ಮುಂತಾದ ನೈವೇದ್ಯವನ್ನು ಬಾಯಿ ಹಾಕಿ ತಿನ್ನುತ್ತಾರೆ. ದೀಕ್ಷೆ ಪಡೆದ, ಕಂಬಳಿ, ಕವಡೆ, ಭಂಡಾರಗಳಿಂದ ಗುರುತಿಸಲ್ಪಡುವ, ಊರಿನಲ್ಲಿ ಗೌರವವುಳ್ಳ ಹಿರಿಯರು ಇವರು. ಸೇವೆ ಮುಗಿದ ಮೇಲೆ ಯಾರೂ ಅವರನ್ನು ನಾಯಿಯೆಂದು ಕರೆಯುವುದಿಲ್ಲ. ಬದಲಾಗಿ ಭಕ್ತರು ಅವರ ಕೈಯಿಂದ ಭಂಡಾರ ಪಡೆಯುತ್ತಾರೆ. ಗ್ರೆಗರಿ ಬೇಟ್ಸನ್ 1955ರ ಪ್ರಬಂಧದಲ್ಲಿ ಆಟದ ಕಚ್ಚುವಿಕೆ ಕಚ್ಚುವಿಕೆಯನ್ನು ಸೂಚಿಸಿಯೂ ಅದರ ಅರ್ಥವನ್ನು ಹೊರುವುದಿಲ್ಲ ಎಂದು ವಿವರಿಸಿದರು. ಚೌಕಟ್ಟಿನ ಒಳಗಿನ ಅವಮಾನ ಚೌಕಟ್ಟಿನ ಹೊರಗೆ ಹರಿಯದಂತೆ ನೋಡಿಕೊಳ್ಳುವುದು ಸಮುದಾಯದ ಹೊಣೆ. ದೋಣಿಸೇವೆಯ ಗೊರವನನ್ನು ಮರುದಿನ ಹೊಲದ ಬದುವಿನಲ್ಲಿ ಯಾರಾದರೂ ನಾಯಿಯೆಂದು ಹಂಗಿಸಿದರೆ, ಮುರಿದುಬೀಳುವುದು ಅವನ ಮಾನವಷ್ಟೇ ಅಲ್ಲ, ಆಚರಣೆಯೇ.

5. ವೇಳೆವಾಳಿ: ಅವಧಿಯಿಲ್ಲದ ಒಪ್ಪಿಗೆ

ಒಪ್ಪಿಗೆಯಿದ್ದ ಮಾತ್ರಕ್ಕೆ ಎಲ್ಲವೂ ಸರಿಯಾಗುತ್ತದೆಯೇ ಎಂಬ ಪ್ರಶ್ನೆಯನ್ನು ಕನ್ನಡ ಶಾಸನಗಳು ಎತ್ತುತ್ತವೆ. ಒಡೆಯನ ಅನ್ನದ ಋಣಕ್ಕಾಗಿ ಪ್ರಾಣ ಕೊಡುವ ಜೋಳವಾಳಿ, ಒಡೆಯನೊಡನೆ ಸಾಯುವ ಪಣ ತೊಟ್ಟ ವೇಳೆವಾಳಿ, ಲೆಂಕವಾಳಿಗಳ ವಿಷಯವನ್ನು ಎಂ. ಚಿದಾನಂದಮೂರ್ತಿ ಅವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' (1966) ವಿವರವಾಗಿ ಚರ್ಚಿಸಿದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಆವರಣದಲ್ಲಿರುವ ಗರುಡಗಂಬವು ಇಮ್ಮಡಿ ವೀರಬಲ್ಲಾಳನ ಗರುಡನಾಗಿದ್ದ ಕುವರ ಲಕ್ಷ್ಮನ ಸ್ಮಾರಕ. 1220ರಲ್ಲಿ ಬಲ್ಲಾಳನು ತೀರಿಕೊಂಡಾಗ ಲಕ್ಷ್ಮನೂ ಅವನ ಹೆಂಡತಿ ಸುಗ್ಗಲದೇವಿಯೂ ಅವರ ಪರಿವಾರದ ವೀರರೂ ಪ್ರಾಣಾರ್ಪಣೆ ಮಾಡಿದರು.

ಲಕ್ಷ್ಮನು ತೊಟ್ಟ ತೊಡರು ಒಂದು ಅರ್ಥದಲ್ಲಿ ಕಂಕಣವೇ. ಆದರೆ ಅದನ್ನು ಬಿಚ್ಚುವ ದಿನವಿಲ್ಲ. ಪಣ ತೊಟ್ಟಾಗ ಅವನು ಸ್ವತಂತ್ರನಾಗಿದ್ದನೆಂದು ಒಪ್ಪಿದರೂ, ಆ ನಂತರ ಹಿಂದೆ ಸರಿಯುವುದು ಅವನಿಗೆ ಮಾನಭಂಗ, ಮಾನಭಂಗವೆಂದರೆ ಸಾವಿಗಿಂತ ಹೀನ. ಸುಗ್ಗಲದೇವಿಯ ಒಪ್ಪಿಗೆ ಗಂಡನ ಪಣದೊಳಗೇ ಸೇರಿಹೋಗಿದೆ. ಒಮ್ಮೆ ಕೊಟ್ಟು ಮತ್ತೆಂದೂ ಹಿಂಪಡೆಯಲಾಗದ ಸಮ್ಮತಿಯು ಹರಕೆಯಿಂದ ಹೊರಟು ಜೀತದ ದಡ ಮುಟ್ಟುತ್ತದೆ ಎಂಬುದಕ್ಕೆ ವೇಳೆವಾಳಿಗಿಂತ ಭವ್ಯವೂ ಭೀಕರವೂ ಆದ ಉದಾಹರಣೆ ವಿರಳ.

6. ಶಾಸ್ತ್ರ ಮತ್ತು ಕಾವ್ಯದ ಎಚ್ಚರಿಕೆ

ಪ್ರಣಯದ ವಲಯದಲ್ಲಿ ಈ ವಿಷಯವನ್ನು ನೇರವಾಗಿ ಎತ್ತಿಕೊಂಡ ಹಳೆಯ ಗ್ರಂಥ ವಾತ್ಸ್ಯಾಯನನ ಕಾಮಸೂತ್ರ. ಉಗುರಿನ ಗುರುತು, ಹಲ್ಲಿನ ಗುರುತು, ಹೊಡೆತ ಇವುಗಳಿಗೆ ಅಲ್ಲಿ ಪ್ರತ್ಯೇಕ ಅಧ್ಯಾಯಗಳಿವೆ. ಆದರೆ ಹೊಡೆತವನ್ನು ವರ್ಗೀಕರಿಸಿದ ಬಳಿಕ ಗ್ರಂಥಕಾರ ಅದರಿಂದಾದ ಅನಾಹುತಗಳನ್ನೂ ಪಟ್ಟಿ ಮಾಡುತ್ತಾನೆ. ಅವುಗಳಲ್ಲೊಂದು ಕರ್ನಾಟಕಕ್ಕೆ ಸಂಬಂಧಿಸಿದ್ದು: ಕುಂತಲದ ಶಾತಕರ್ಣಿ ಶಾತವಾಹನನು 'ಕರ್ತರಿ' ಎಂಬ ಹೊಡೆತದಿಂದ ತನ್ನ ಮಹಾದೇವಿ ಮಲಯವತಿಯ ಸಾವಿಗೆ ಕಾರಣನಾದನು. ಚೋಳರಾಜನೊಬ್ಬನಿಂದ ಚಿತ್ರಸೇನೆಯೆಂಬ ಗಣಿಕೆ ಸತ್ತ ಸಂಗತಿಯೂ ಅಲ್ಲಿದೆ. ಇಂತಹ ತೀವ್ರ ಹೊಡೆತಗಳು ದಾಕ್ಷಿಣಾತ್ಯರ ರೂಢಿಯೆಂದು ಹೇಳಿ, ವಾತ್ಸ್ಯಾಯನ ಅವನ್ನು ನಿರಾಕರಿಸುತ್ತಾನೆ. ನಾಗಾಲೋಟದ ಕುದುರೆಗೆ ದಾರಿಯ ಹಳ್ಳ ಕಾಣದಂತೆ ಆವೇಗದಲ್ಲಿರುವವರಿಗೆ ಅಪಾಯ ಕಾಣದು. ಆದ್ದರಿಂದ ತನ್ನ ಬಲವನ್ನೂ ಎದುರಿನವರ ಸುಕುಮಾರತೆಯನ್ನೂ ಅರಿತು ನಡೆಯಬೇಕು ಎಂಬುದು ಅವನ ತಾತ್ಪರ್ಯ. ಆವೇಗ ಏರಿದ ಮೇಲೆ ಮಿತಿಯನ್ನು ಹುಡುಕಲಾಗದು, ಮಿತಿ ಮೊದಲೇ ಗೊತ್ತಾಗಿರಬೇಕು ಎಂಬ ವಿವೇಕ ಇದರಲ್ಲಿದೆ. ಕನ್ನಡದಲ್ಲಿ ಚಂದ್ರರಾಜನ 'ಮದನತಿಲಕ' ಹನ್ನೊಂದನೆಯ ಶತಮಾನದಲ್ಲಿಯೇ ಕಾಮಶಾಸ್ತ್ರವನ್ನು ನಿರೂಪಿಸಿತು ಎಂಬುದನ್ನು ನೆನೆದರೆ, ಈ ವಿಷಯದ ಬಗೆಗಿನ ಇಂದಿನ ಮೌನ ಪರಂಪರೆಯಿಂದ ಬಂದದ್ದಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಜನ್ನನ 'ಯಶೋಧರ ಚರಿತೆ'ಯ (1209) ಅಮೃತಮತಿ ಮತ್ತು ಅಷ್ಟಾವಂಕರ ಪ್ರಸಂಗವನ್ನು ಕೆಲವರು ಈ ಬಗೆಯ ಸಂಬಂಧಕ್ಕೆ ನಿದರ್ಶನವಾಗಿ ನೋಡಬಹುದು. ತಡವಾಗಿ ಬಂದ ರಾಣಿಯನ್ನು ಮಾವುತ ಬಡಿಯುತ್ತಾನೆ. ಆಕೆ ಅವನನ್ನು ಬಿಡುವುದಿಲ್ಲ. ಅಲ್ಲಿ ಆಕರ್ಷಣೆಯಿದೆ, ಹೊಡೆತವಿದೆ, ಸಹನೆಯಿದೆ, ಒಪ್ಪಂದವಿಲ್ಲ. ಸಹಿಸುವುದನ್ನು ಸಮ್ಮತಿಯೆಂದು ಓದುವುದು ಕಾವ್ಯದಲ್ಲಿಯೂ ತಪ್ಪು, ಬದುಕಿನಲ್ಲಿಯೂ ತಪ್ಪು.

7. ಆಧುನಿಕ ಖಾಸಗಿ ಸಂಬಂಧಗಳ ಆಚರಣಾ ರಚನೆ

ವಯಸ್ಕರ ನಡುವಿನ ಸಮ್ಮತ ಅಧೀನತೆಯ ಸಂಬಂಧಗಳಿಗೆ 'ಸುರಕ್ಷಿತ, ವಿವೇಕಯುತ, ಸಮ್ಮತ' ಎಂಬ ಮೂರು ಮಾತಿನ ಸೂತ್ರ 1983ರಲ್ಲಿ ನ್ಯೂಯಾರ್ಕಿನಲ್ಲಿ ರೂಪುಗೊಂಡಿತು. ಇಂತಹ ಸಂಬಂಧಗಳಲ್ಲಿ ನಾಲ್ಕು ಘಟ್ಟಗಳನ್ನು ಗುರುತಿಸಬಹುದು. ಮೊದಲನೆಯದು ಮಾತುಕತೆ: ಯಾವುದು ಒಪ್ಪಿತ, ಯಾವುದು ನಿಷಿದ್ಧ ಎಂಬುದರ ಸ್ಪಷ್ಟ ನಿರ್ಣಯ. ಎರಡನೆಯದು ಪ್ರವೇಶದ ಕುರುಹು: ಕೊರಳಪಟ್ಟಿ, ಬಳೆ, ಮಂಡಿಯೂರುವಿಕೆ, ನಿರ್ದಿಷ್ಟ ಸಂಬೋಧನೆ ಮುಂತಾದವು. ಮೂರನೆಯದು ತಡೆನುಡಿ: ಅದನ್ನು ಉಚ್ಚರಿಸಿದ ಕ್ಷಣದಲ್ಲಿ ಎಲ್ಲವೂ ನಿಲ್ಲಬೇಕು. ನಾಲ್ಕನೆಯದು ಆರೈಕೆ: ಪಾತ್ರಗಳನ್ನು ಕಳಚಿ, ನೀರು ಕುಡಿಸಿ, ಮೈದಡವಿ, ಇಬ್ಬರೂ ಸಮಾನರಾಗಿ ಮರಳುವ ಹೊತ್ತು.

ಹರಕೆಯ ಸಂಕಲ್ಪ, ಕಂಕಣಧಾರಣೆ, ಕಂಕಣ ವಿಸರ್ಜನೆಗಳೊಡನೆ ಇವುಗಳ ರಚನಾಸಾಮ್ಯ ಎದ್ದು ಕಾಣುತ್ತದೆ. ಆದರೆ ಮೂರನೆಯ ಘಟ್ಟಕ್ಕೆ ಜಾನಪದ ಆಚರಣೆಯಲ್ಲಿ ನೇರ ಪ್ರತಿರೂಪ ಸಿಗುವುದು ಕಷ್ಟ. ಮೈಲಾರದ 'ಸದ್ದಲೇ' ಎಲ್ಲವನ್ನೂ ನಿಲ್ಲಿಸುವ ಶಬ್ದ ನಿಜ. ಆದರೆ ಅದು ಅಧಿಕಾರ ಪಡೆದವನ ಶಬ್ದ. ತಡೆನುಡಿ ಅಧೀನನಾದವನ ಶಬ್ದ. ಆಜ್ಞೆಗೆ ಒಳಗಾದವನ ಬಾಯಲ್ಲಿಯೇ ಕೊನೆಯ ಆಜ್ಞೆಯನ್ನು ಇಟ್ಟಿರುವುದು ಆಧುನಿಕ ಒಪ್ಪಂದದ ಹೊಸತನ.

ಇನ್ನೊಂದು ಭೇದ ಸಾಕ್ಷಿಯದು. ಕರಗದಲ್ಲಿ ಪೇಟೆಗೆ ಪೇಟೆಯೇ ಸಾಕ್ಷಿ; ಮೈಲಾರದಲ್ಲಿ ಜಾತ್ರೆಯೇ ಸಾಕ್ಷಿ. ಕಟ್ಟಳೆ ಮೀರಿದ ವೀರಕುಮಾರನನ್ನು ತಡೆಯಲು ಹತ್ತು ಕೈಗಳಿವೆ. ಉತ್ತರ ಬೆಂಗಳೂರಿನ ಗಂಗಾನಗರ, ಹೆಬ್ಬಾಳ, ಆರ್.ಟಿ. ನಗರಗಳಂತಹ ಬಡಾವಣೆಗಳ ಬಾಡಿಗೆ ಮನೆಗಳಲ್ಲಿ ಇಬ್ಬರು ವಯಸ್ಕರು ಮಾಡಿಕೊಂಡ ಒಪ್ಪಂದಕ್ಕೆ ಅವರಿಬ್ಬರೇ ಸಾಕ್ಷಿ. ನೆಂಟರು ದೂರ, ನೆರೆಯವರು ಅಪರಿಚಿತರು, ಮನೆಯ ಮಾಲೀಕರಿಗೆ ತಿಳಿದರೆ ಮನೆ ಬಿಡಬೇಕಾದೀತೆಂಬ ಅಂಜಿಕೆ. ಗೋಪ್ಯತೆ ಅವರನ್ನು ಲೋಕನಿಂದೆಯಿಂದ ಕಾಪಾಡುತ್ತದೆ. ಒಪ್ಪಂದ ಮುರಿದ ದಿನ ಅದೇ ಗೋಪ್ಯತೆ ನೊಂದವರ ಬಾಯಿ ಕಟ್ಟುತ್ತದೆ. ಆದ್ದರಿಂದಲೇ ಇಂತಹ ಸಂಬಂಧಗಳಲ್ಲಿ ಆಚರಣೆಯ ಬಿಗಿ ಹೆಚ್ಚು. ಸಮುದಾಯ ಮಾಡಬೇಕಾದ ಕಾವಲನ್ನು ಕುರುಹು, ತಡೆನುಡಿ, ಆರೈಕೆಗಳೇ ಮಾಡಬೇಕಾಗಿದೆ.

8. ವೈದ್ಯ ಮತ್ತು ಕಾನೂನಿನ ದೃಷ್ಟಿ

ವೈದ್ಯಶಾಸ್ತ್ರದ ನಿಲುವು ಈ ಶತಮಾನದಲ್ಲಿ ಬದಲಾಗಿದೆ. ಅಮೆರಿಕದ ಮನೋವೈದ್ಯಕೀಯ ಸಂಘದ 2013ರ ಕೈಪಿಡಿಯು ಅಸಾಮಾನ್ಯ ಒಲವನ್ನೂ ಕಾಯಿಲೆಯನ್ನೂ ಬೇರ್ಪಡಿಸಿತು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗವರ್ಗೀಕರಣದ ಹನ್ನೊಂದನೆಯ ಪರಿಷ್ಕರಣೆಯಲ್ಲಿ ಸಮ್ಮತಿಯುಳ್ಳ ವಯಸ್ಕರ ಇಂತಹ ನಡವಳಿಕೆಗೆ ಪ್ರತ್ಯೇಕ ರೋಗನಾಮವಿಲ್ಲ. ಬಲಾತ್ಕಾರದ ಹಿಂಸಾಪ್ರವೃತ್ತಿ ಮಾತ್ರ ಉಳಿದಿದೆ. ರೇಖೆ ಎಳೆದಿರುವುದು ನೋವಿನ ಮೇಲಲ್ಲ, ಸಮ್ಮತಿಯ ಮೇಲೆ.

ಭಾರತದಲ್ಲಿ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2018ರ ನವತೇಜ್ ಸಿಂಗ್ ಜೋಹರ್ ತೀರ್ಪು ವಯಸ್ಕರ ಸಮ್ಮತ ಸಂಬಂಧವನ್ನು 377ನೆಯ ಕಲಮಿನ ಹಿಡಿತದಿಂದ ಬಿಡಿಸಿತು. ದೈಹಿಕ ನೋವಿನ ವಿಷಯದಲ್ಲಿ ಮಾತ್ರ ಸಮ್ಮತಿಗೆ ಮಿತಿಯುಂಟು. ಹಳೆಯ ದಂಡಸಂಹಿತೆಯ 87ನೆಯ ಕಲಮು, ಅದರ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 25ನೆಯ ಕಲಮು, ಹದಿನೆಂಟು ದಾಟಿದವರ ಸಮ್ಮತಿಯನ್ನು ಮನ್ನಿಸುತ್ತವೆ; ಆದರೆ ಸಾವು ಅಥವಾ ತೀವ್ರ ಗಾಯದ ಉದ್ದೇಶವಾಗಲಿ ಸಂಭವದ ಅರಿವಾಗಲಿ ಇರಕೂಡದು. ವಿನೋದಕ್ಕಾಗಿ ಕತ್ತಿವರಸೆ ಆಡಲು ಒಪ್ಪಿದ ಇಬ್ಬರ ಉದಾಹರಣೆಯನ್ನು ಕಾನೂನೇ ಕೊಡುತ್ತದೆ. ಇಂಗ್ಲೆಂಡಿನಲ್ಲಿ 1993ರ ಬ್ರೌನ್ ಪ್ರಕರಣದಲ್ಲಿ ಹೌಸ್ ಆಫ್ ಲಾರ್ಡ್ಸ್ ಪೀಠವು ಇಂತಹ ಸಂದರ್ಭದ ಗಾಯಕ್ಕೆ ಸಮ್ಮತಿ ಸಮರ್ಥನೆಯಾಗದೆಂದು ಬಹುಮತದಿಂದ ತೀರ್ಮಾನಿಸಿತು. ವೀರಬಲ್ಲಾಳನ ಗರುಡನಿಗೆ ಅಂದಿನ ಲೋಕ ಕೊಟ್ಟ ಮನ್ನಣೆಯನ್ನು ಇಂದಿನ ಯಾವ ನ್ಯಾಯಾಲಯವೂ ಕೊಡಲಾರದು.

9. ಸಮ್ಮತಿಯ ನೆರಳುಗಳು

ಸಮ್ಮತಿಯ ಮಾತನ್ನು ಜಾನಪದ ವಿದ್ವಾಂಸರು ಎಚ್ಚರದಿಂದ ಬಳಸಬೇಕಾದ ಕಾರಣಗಳಿವೆ. ದುರುಗಮುರುಗಿಯವರಲ್ಲಿ ಹೆಂಗಸು ಉರುಮೆ ನುಡಿಸುತ್ತಿರಲು ಗಂಡಸು ಚಾಟಿಯಿಂದ ತನ್ನ ಬರಿ ಮೈಗೆ ಹೊಡೆದುಕೊಳ್ಳುತ್ತಾನೆ. ಹೊಡೆಯುವ ಕೈಯೂ ಹೊಡೆತ ತಿನ್ನುವ ಮೈಯೂ ಅವನದೇ, ಹೊರಗಿನ ಬಲಾತ್ಕಾರವಿಲ್ಲ. ಆದರೂ ಆ ಚಾಟಿಯ ಹಿಂದೆ ಹಸಿವಿದೆ. ಭಕ್ತಿಯಿಂದ ಆರಂಭವಾದ ದಂಡನೆ ಹೊಟ್ಟೆಪಾಡಾದಾಗ 'ಬೇಡ' ಎನ್ನುವ ಸ್ವಾತಂತ್ರ್ಯ ಎಷ್ಟು ಉಳಿದಿರುತ್ತದೆ? ದೇವದಾಸಿ ಪದ್ಧತಿಯಲ್ಲಿ ಮುತ್ತು ಕಟ್ಟುವುದು ಕಂಕಣ ಕಟ್ಟಿದಂತೆಯೇ ಕಂಡರೂ, ಕಟ್ಟಿಸಿಕೊಳ್ಳುವ ಬಾಲೆಗೆ ಸಮ್ಮತಿಸುವ ವಯಸ್ಸೂ ಇಲ್ಲ, ಬಿಚ್ಚುವ ದಿನವೂ ಇಲ್ಲ. 1982ರ ಕರ್ನಾಟಕದ ಅಧಿನಿಯಮವು ಅದನ್ನು ನಿಷೇಧಿಸಿದ್ದು ಈ ಕಾರಣದಿಂದ ಸರಿಯಾಗಿಯೇ ಇದೆ.

ಖಾಸಗಿ ಸಂಬಂಧಗಳಿಗೂ ಇದೇ ಒರೆಗಲ್ಲು. ಆರ್ಥಿಕವಾಗಿ ಅವಲಂಬಿತಳಾದ ಹೆಂಡತಿ, ಜಾತಿಯಿಂದಲೋ ಉದ್ಯೋಗದಿಂದಲೋ ಕೆಳಗಿರುವ ಸಂಗಾತಿ 'ಒಪ್ಪಿದ್ದೇನೆ' ಎಂದರೆ ಆ ಮಾತಿನ ತೂಕವೆಷ್ಟು ಎಂದು ಕೇಳಲೇಬೇಕು. ಗಂಡನ ಹೊಡೆತವನ್ನು 'ಶಿಸ್ತು' ಎಂದು ಕರೆದು ಮುಚ್ಚಿಹಾಕುವ ಸಮಾಜದಲ್ಲಿ, ಒಪ್ಪಂದದ ಶಿಸ್ತಿಗೂ ಮನೆಯೊಳಗಿನ ದೌರ್ಜನ್ಯಕ್ಕೂ ನಡುವಿನ ಗೆರೆಯನ್ನು ಅಳಿಸಿದರೆ ಲಾಭವಾಗುವುದು ದೌರ್ಜನ್ಯಕ್ಕೆ. ಎಲ್ಲವನ್ನೂ ವಿಕೃತಿಯೆಂದು ಜರೆಯುವವರೂ ಎಲ್ಲವನ್ನೂ ಸಮ್ಮತಿಯೆಂದು ಹೊಗಳುವವರೂ ಆ ಗೆರೆಯನ್ನು ಸಮಾನವಾಗಿಯೇ ಅಳಿಸುತ್ತಾರೆ.

10. ಸಮಾರೋಪ

ಮೇಲಿನ ವಿವೇಚನೆಯಿಂದ ಸಮ್ಮತಿಯ ಅಧೀನತೆಯನ್ನು ಬಲವಂತದ ಅಧೀನತೆಯಿಂದ ಬೇರ್ಪಡಿಸುವ ಕೆಲವು ಲಕ್ಷಣಗಳನ್ನು ಸಂಗ್ರಹಿಸಬಹುದು. ಹೊರುವವರು ವಯಸ್ಕರಾಗಿದ್ದು ತಾವೇ ಕರ್ತೃಗಳಾಗಿರುವುದು, ಅವಧಿಗೆ ಆದಿ-ಅಂತ್ಯಗಳಿರುವುದು, ದಂಡಿಸುವವರೂ ಕಟ್ಟಳೆಗೆ ಒಳಪಟ್ಟು ರಕ್ಷಣೆಯ ಹೊಣೆ ಹೊರುವುದು, ಚೌಕಟ್ಟಿನ ಒಳಗಿನ ಅವಮಾನ ಹೊರಗೆ ಹರಿಯದಿರುವುದು, ನಡುವೆ ನಿಲ್ಲಿಸುವ ಹಕ್ಕು ಅಧೀನರಾದವರಲ್ಲಿ ಉಳಿಯುವುದು. ಮೊದಲ ನಾಲ್ಕನ್ನು ಪರಂಪರೆಯ ಆಚರಣೆಗಳು ಹಲವೆಡೆ ಸೂಕ್ಷ್ಮವಾಗಿ ರೂಪಿಸಿಕೊಂಡಿವೆ. ಐದನೆಯದನ್ನು ಅವು ವಿರಳವಾಗಿ ಮಾತ್ರ ಬಲ್ಲವು. ಕರಗ ಹೊರುವವನ ಹೆಂಡತಿಯ ಮತ್ತು ಸುಗ್ಗಲದೇವಿಯ ಮೌನಗಳು ಅದನ್ನೇ ಸೂಚಿಸುತ್ತವೆ.

ಕ್ಷೇತ್ರಕಾರ್ಯಕ್ಕೆ ಇದರಿಂದ ಒದಗುವ ಪಾಠ ಸರಳವಾದದ್ದು. ಆಚರಣೆಯನ್ನು ದಾಖಲಿಸುವಾಗ ದೀಕ್ಷೆ ಹೇಗಾಯಿತು ಎಂದು ಕೇಳುವುದರ ಜೊತೆಗೆ, ದೀಕ್ಷೆಯನ್ನು ನಡುವೆ ಬಿಟ್ಟವರು ಏನಾದರು ಎಂದೂ ಕೇಳಬೇಕು. ಆ ಪ್ರಶ್ನೆಗೆ ಸಿಗುವ ಉತ್ತರದಲ್ಲಿ ಹರಕೆಯೂ ಜೀತವೂ ತಾವಾಗಿಯೇ ಬೇರೆಯಾಗುತ್ತವೆ.